ಪಾಳ್ಯದ ಹತ್ತು ಅಂಕ

ತಿಪಟೂರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟರಾಗಿದ್ದ ಏಕಾಂತಯ್ಯನವರಿಗೆ ಮನೆಯೊಳಗೆ ಇಬ್ಬರು ಹೆಣ್ಣುಮಕ್ಕಳು, ಮನೆಯ ಹೊರಗೆ ಹದಿಮೂರು ಟೀಮುಗಳು ಎಂದು ಅವರ ಹೆಂಡತಿ ಶಿವರುದ್ರಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಹೆಣ್ಣುಮಕ್ಕಳು ಮದುವೆಯಾಗಿ ಗಂಡನ ಮನೆ ಸೇರಿದರು. ಟೀಮುಗಳು ಮಾತ್ರ ಬೆಳಗಾದರೆ ಜಗಲಿಯ ಮೇಲೆ ಬಂದು ಕೂರುತ್ತಲೇ ಇದ್ದವು. ಒಬ್ಬನಿಗೆ ಚೆಂಡಿನ ಬ್ಲಾಡರು ಬೇಕು, ಇನ್ನೊಬ್ಬನಿಗೆ ಪಂದ್ಯದ ದಿನ ಬದಲಾಗಬೇಕು, ಮತ್ತೊಬ್ಬನಿಗೆ ಹೋದ ಭಾನುವಾರದ ರೆಫ್ರಿಯನ್ನು ಬೈಯಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳನ್ನು ಸೇರಿಸಿ ಒಂದು ಫುಟ್‌ಬಾಲ್ ಲೀಗ್ ಕಟ್ಟಿದವರೂ, ಅದರ ಸೆಕ್ರೆಟರಿಯೂ ಅವರೇ. ಎ ಡಿವಿಷನ್ನಿನಲ್ಲಿ ಎಂಟು ಟೀಮು, ಬಿ ಡಿವಿಷನ್ನಿನಲ್ಲಿ ಐದು. ಸಂಕ್ರಾಂತಿ ಕಳೆದ ಮೇಲೆ ಶುರುವಾದರೆ ಯುಗಾದಿ ಆದ ಮೇಲೆ ಒಂದೆರಡು ವಾರಕ್ಕೆ ಮುಗಿಯುತ್ತಿತ್ತು. ಆಡುವವರು ತೋಟದಲ್ಲಿ ಕಾಯಿ ಕೀಳುವವರು, ಮಂಡಿಯಲ್ಲಿ ಮೂಟೆ ಹೊರುವವರು, ಅಂಗಡಿಯಲ್ಲಿ ತಕ್ಕಡಿ ಹಿಡಿಯುವವರು, ಪಿಯುಸಿ ಫೇಲಾಗಿ ಮನೆಯಲ್ಲಿ ಕೂತವರು. ಅರ್ಧಕ್ಕರ್ಧ ಜನ ಬರಿಗಾಲಲ್ಲಿ ಆಡುತ್ತಿದ್ದರು.

ಲೀಗಿಗೆ ಒಂದು ನಿಯಮದ ಪುಸ್ತಕವಿತ್ತು. ಅದರಲ್ಲಿ ಆಟದ ನಿಯಮಗಳಿಗಿಂತ ದುಡ್ಡಿನ ನಿಯಮಗಳೇ ಹೆಚ್ಚು. ಅದಕ್ಕೆ ಕಾರಣವೂ ಇತ್ತು. ಎಪ್ಪತ್ತರಲ್ಲಿ ಹಾಲುಗೊಂಡನಹಳ್ಳಿ ಎಂಬ ಊರಿನ ಕ್ಲಬ್ಬಿಗೆ ಅಕ್ಕಿ ಗಿರಣಿಯ ಯಜಮಾನನೊಬ್ಬ ಬೆನ್ನಿಗೆ ನಿಂತ. ಮೈಸೂರಿನಿಂದ ಐದು ಜನ ಆಟಗಾರರನ್ನು ಸಂಬಳ ಕೊಟ್ಟು ಕರೆಸಿದ. ಎರಡು ವರ್ಷ ಅವರೇ ಗೆದ್ದರು. ಮೂರನೇ ವರ್ಷ ಗಿರಣಿಯವನಿಗೆ ಆಟದ ಹುಚ್ಚು ಇಳಿಯಿತು, ಕೈ ಮುಚ್ಚಿದ. ಮೈಸೂರಿನವರು ಬಸ್ಸು ಹತ್ತಿದರು. ಎರಡು ವರ್ಷ ಗೆರೆಯಾಚೆ ಕೂತು ಚಪ್ಪಾಳೆ ಹೊಡೆದ ಊರ ಹುಡುಗರಿಗೆ ಆಡುವ ಅಭ್ಯಾಸವೇ ತಪ್ಪಿಹೋಗಿತ್ತು. ಹೋಟೆಲಿನ ಬಾಕಿ, ಬೂಟಿನ ಅಂಗಡಿಯ ಬಾಕಿ ಎಲ್ಲವೂ ಕ್ಲಬ್ಬಿನ ಹೆಸರಲ್ಲಿತ್ತು. ರುಜು ಹಾಕಿದ್ದ ಸೆಕ್ರೆಟರಿ ಇಪ್ಪತ್ತೆರಡು ವರ್ಷದವನು. ಅವನ ತಾಯಿ ಸರ ಮಾರಿ ತೀರಿಸಿದಳು. ಆಮೇಲೆ ಆ ಊರಿನಲ್ಲಿ ಚೆಂಡಿನ ಸದ್ದೇ ಕೇಳಲಿಲ್ಲ.

ಅದನ್ನು ಕಣ್ಣಾರೆ ಕಂಡ ಏಕಾಂತಯ್ಯನವರು ಕೂತು ನಿಯಮ ಬರೆದರು. ಯಾವ ಕ್ಲಬ್ಬೂ ವರ್ಷಕ್ಕೆ ಎರಡು ಸಾವಿರಕ್ಕಿಂತ ಹೆಚ್ಚು ಖರ್ಚು ಮಾಡಕೂಡದು. ಒಬ್ಬನೇ ಮನುಷ್ಯನಿಂದ ಮುನ್ನೂರಕ್ಕಿಂತ ಹೆಚ್ಚು ತೆಗೆದುಕೊಳ್ಳಕೂಡದು. ಆಟಗಾರನಿಗೆ ಬಸ್ ಚಾರ್ಜು, ಊಟ ಬಿಟ್ಟು ಬಿಡಿಗಾಸು ಕೊಡಕೂಡದು. ತಪ್ಪಿದರೆ ಐನೂರು ರೂಪಾಯಿ ಮೀರದಂತೆ ದಂಡ, ಇಲ್ಲವೇ ಅಂಕ ಕಡಿತ, ಇಲ್ಲವೇ ಎರಡೂ. ಏಳು ವರ್ಷದಲ್ಲಿ ಯಾರಿಗೂ ಅಂಕ ಕಡಿದಿರಲಿಲ್ಲ. ಒಂದೆರಡು ಸಲ ಐವತ್ತು, ನೂರು ದಂಡ ಬಿದ್ದಿತ್ತು, ಅಷ್ಟೇ.

ಎಪ್ಪತ್ತೊಂಬತ್ತರ ಲೀಗಿನಲ್ಲಿ ಬೇವಿನಪಾಳ್ಯದ ಟೀಮು ಗೆದ್ದಿತು. ತಿಪಟೂರಿಗೆ ನಾಲ್ಕು ಮೈಲಿ ದೂರದ ಸಣ್ಣ ಊರು ಅದು. ಏಳು ಆಟದಲ್ಲಿ ಆರು ಗೆದ್ದು, ಒಂದು ಸಮ ಮಾಡಿಕೊಂಡು ಹದಿಮೂರು ಅಂಕ ಗಳಿಸಿತ್ತು. ಹಿಂದಿನ ವರ್ಷ ಇದೇ ಟೀಮು ಆರನೆಯದಾಗಿತ್ತು. ವ್ಯತ್ಯಾಸಕ್ಕೆ ಕಾರಣ ಯಾರೆಂದು ಮೈದಾನದ ಸುತ್ತ ನಿಂತವರಿಗೆಲ್ಲ ಗೊತ್ತಿತ್ತು. ಸೆಲ್ವರಾಜು ಮತ್ತು ಅವನ ತಮ್ಮ. ಬೆಂಗಳೂರಿನವರು. ಫೆಬ್ರವರಿಯಲ್ಲಿ ಬಂದು ಸೇರಿದ ಮೇಲೆ ಐದು ಆಟ ಆಡಿದರು, ಐದರಲ್ಲೂ ಪಾಳ್ಯ ಗೆದ್ದಿತು. ಚೆಂಡು ಸೆಲ್ವರಾಜುವಿನ ಕಾಲಿಗೆ ಬಂದರೆ ಸಾಕಿದ ನಾಯಿಯ ಹಾಗೆ ಅಲ್ಲೇ ಸುತ್ತುತ್ತಿತ್ತು.

ಅವರಿಬ್ಬರೂ ತೋಂಟದಾರ್ಯರ ಮಂಡಿಯಲ್ಲಿ ಹಮಾಲಿಗಳು ಎಂದು ಪಾಳ್ಯದ ಕ್ಲಬ್ಬು ಬರೆದುಕೊಟ್ಟಿತ್ತು. ತೋಂಟದಾರ್ಯರು ಪಾಳ್ಯದವರೇ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟು ಚೆನ್ನಾಗಿ ಬೆಳೆದವರು. ಮೂರು ತಾಲ್ಲೂಕಿನಲ್ಲಿ ಕೆಲಸ ಮಾಡುವವನು ಆಡಬಹುದು ಎಂದು ನಿಯಮವಿದ್ದುದರಿಂದ ಏಕಾಂತಯ್ಯನವರು ಕಾಗದಕ್ಕೆ ರುಜು ಹಾಕಿದ್ದರು. ಹಾಕುವಾಗ ಕೈ ಒಂದು ಕ್ಷಣ ತಡೆದಿತ್ತು. ಆದರೂ ಹಾಕಿದ್ದರು.

ಕೊನೆಯ ಆಟ ಮುಗಿದ ಮೂರನೇ ದಿನ ಮರುಳಪ್ಪ ಬಂದ. ತುರುವೇಕೆರೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅವನು ಆ ಊರಿನ ಟೀಮಿನ ಸೆಕ್ರೆಟರಿ. ಅವರದು ಹನ್ನೊಂದು ಅಂಕ, ಎರಡನೇ ಸ್ಥಾನ. ನಾಲ್ಕು ಮಡಿಕೆಯ ಕಾಗದ ಕೈಗಿತ್ತ.

"ಬಾಯಲ್ಲಿ ಹೇಳೋಕೆ ಹೋದ್ರೆ ಮಾತು ಅತ್ಲಾಗಿತ್ಲಾಗಾಗ್ತದೆ ಮೇಷ್ಟ್ರೇ. ಅದ್ಕೇ ಬರ್ದೇ ತಂದಿವ್ನಿ. ಆ ಇಬ್ರು ಹಮಾಲಿಗಳು ಬೆನ್ನ ಮೇಲೆ ಒಂದ್ ಮೂಟೆ ಇಟ್ಕಂಡಿದ್ದನ್ನ ಯಾರಾದ್ರೂ ನೋಡಿದ್ರೆ ಕರ್ಕಂಡು ಬನ್ನಿ, ನಾನು ಕಾಗದ ಹರಿದಾಕ್ತೀನಿ."

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಏಕಾಂತಯ್ಯನವರು ಸೈಕಲ್ಲು ಹತ್ತಿ ಮಂಡಿಗೆ ಹೋದರು. ಅದು ಬಟವಾಡೆಯ ದಿನ. ಹಮಾಲಿಗಳು ವಾರದ ಕೂಲಿಗಾಗಿ ಗೋಡೆಗೆ ಒರಗಿ ಕೂತಿದ್ದರು. ಒಳಗೆಲ್ಲ ಒಣಗಿದ ಕೊಬ್ಬರಿಯ ಸಿಹಿ ಕಮಟು ವಾಸನೆ. ಗಾದಿಯ ಮೇಲೆ ಕೂತಿದ್ದ ತೋಂಟದಾರ್ಯರು ಎದ್ದೇ ಬಂದರು.

"ಬನ್ನಿ ಮೇಷ್ಟ್ರೇ, ಬನ್ನಿ. ಏಯ್, ಒಂದು ಎಳನೀರು ಕೆತ್ತಿ ತಾರಪ್ಪ. ಏನು, ನೆಟ್ಟು ಹರೀತಾ? ಕೂತ್ಕಳಿ, ಈಗ್ಲೇ ಕೊಡ್ತೀನಿ."

"ದುಡ್ಡಿಗೆ ಬಂದಿಲ್ಲ ತೋಂಟದಾರ್ಯರೇ. ಒಂದು ದೂರು ಬಂದಿದೆ. ಹಾಜರಿ ಪುಸ್ತಕ ನೋಡ್ಬೇಕಿತ್ತು."

ತೋಂಟದಾರ್ಯರ ಮುಖದಲ್ಲಿ ಏನೂ ಬದಲಾಗಲಿಲ್ಲ. ಪುಸ್ತಕವನ್ನು ಅವರೇ ತೆಗೆದು ಮುಂದಿಟ್ಟರು. ಹತ್ತು ಹೆಸರಿಗೆ ದಿನಕ್ಕೆ ಒಂಬತ್ತು ರೂಪಾಯಿಯ ಲೆಕ್ಕ, ಎರಡು ಹೆಸರಿಗೆ ಇಪ್ಪತ್ತೈದರ ಲೆಕ್ಕ. ಆ ಎರಡು ಹೆಸರಿಗೆ ಭಾನುವಾರವೂ ಹಾಜರಿ. ಹಿಂದಿನ ಪುಟದಲ್ಲಿ ಹುಚ್ಚರಂಗಯ್ಯ ಎಂಬ ಹೆಸರಿಗೆ ಕೆಂಪು ಮಸಿಯ ಗೀಟು ಬಿದ್ದಿತ್ತು. ಇನ್ನೊಂದು ಹೆಸರಿಗೆ ವಾರದಲ್ಲಿ ಮೂರೇ ದಿನ ಹಾಜರಿ. ಅದು ಕೆಂಚಪ್ಪನದು. ಪಾಳ್ಯದ ಟೀಮಿನ ಕ್ಯಾಪ್ಟನ್, ಬ್ಯಾಕ್ ಆಡುವವನು, ಹಿಂದೆ ಏಕಾಂತಯ್ಯನವರ ಕೈಯಲ್ಲೇ ಚೆಂಡು ಒದೆಯಲು ಕಲಿತವನು.

"ಇವರಿಬ್ಬರಿಗೆ ಇಪ್ಪತ್ತೈದು ಯಾಕೆ?"

"ಬೆಂಗಳೂರೋರು ಕಣ್ರೀ. ಗಟ್ಟಿ ಆಳುಗಳು. ಒಬ್ಬೊಬ್ರು ಮೂರಾಳಿನ ಕೆಲ್ಸ ಮಾಡ್ತಾರೆ."

"ಈಗೆಲ್ಲಿದ್ದಾರೆ?"

"ಊರಿಗೆ ಹೋಗವ್ರೆ. ತಾಯಿಗೆ ಮೈ ಸರಿಯಿಲ್ವಂತೆ."

ಏಕಾಂತಯ್ಯನವರು ಗೋಡೆಗೊರಗಿ ಕೂತಿದ್ದ ಕೆಂಚಪ್ಪನ ಕಡೆ ತಿರುಗಿದರು. "ಏನಪ್ಪ ಕೆಂಚಪ್ಪ, ಸೆಲ್ವರಾಜು ಕೆಲಸ ಮಾಡೋದು ನೀನು ನೋಡಿದ್ದೀಯಾ?"

ಕೆಂಚಪ್ಪ ತಲೆ ಎತ್ತಲಿಲ್ಲ. ಕಾಲ ಬಳಿ ಬಿದ್ದಿದ್ದ ನಾರಿನ ಎಳೆಯನ್ನು ಬೆರಳಿಗೆ ಸುತ್ತುತ್ತಾ ಕೂತ. ಏಕಾಂತಯ್ಯನವರು ಎಳನೀರು ಕುಡಿಯದೆ ಎದ್ದು ಬಂದರು.

ಸೋಮವಾರ ಬೆಳಿಗ್ಗೆ ಅವರು ಬಚ್ಚಲ ಮುಂದೆ ಹಲ್ಲುಜ್ಜುತ್ತಿರುವಾಗ ಕೆಂಚಪ್ಪ ಹಿತ್ತಲ ಬಾಗಿಲಿಗೆ ಬಂದು ನಿಂತ.

"ಮೇಷ್ಟ್ರೇ, ಮೊನ್ನೆ ನೀವು ಕೇಳ್ದಾಗ ನಾನು ಸುಮ್ಕಿದ್ದೆ. ಎರಡು ದಿನದಿಂದ ಅನ್ನ ಸೇರ್ತಿಲ್ಲ. ಅವ್ರಿಬ್ರೂ ಒಂದು ಮೂಟೆ ಎತ್ತಿಲ್ಲ. ಬಟವಾಡೆ ದಿನ ಬಂದು ರುಜು ಹಾಕೋರು, ಅಷ್ಟೇಯ. ಅವ್ರ ಕೂಲಿ ಹೊಂದಿಸೋಕೆ ಅಂತ ಹುಚ್ಚರಂಗಯ್ಯಣ್ಣನ್ನ ತೆಗೆದ್ರು. ಇಪ್ಪತ್ತು ವರ್ಷ ಹೊತ್ತವ್ನೆ ಆ ಮಂಡೀಲಿ. ನಂಗೂ ಮೂರು ದಿನಕ್ಕಿಳಿಸಿದ್ರು. 'ಟೀಮು ಗೆಲ್ಲೋದು ಬೇಡ್ವೇನ್ಲಾ' ಅಂದ್ರು ಸಾವ್ಕಾರ್ರು. ನಾನೂ ಹೂಂ ಅಂದೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಗೆಲ್ತಿದ್ವಲ್ಲ ಮೇಷ್ಟ್ರೇ." ಕೆಂಚಪ್ಪ ನಾಚಿಕೊಂಡು ಹೇಳಿದ. "ಸೆಲ್ವರಾಜೂನೂ ಕೆಟ್ಟೋನಲ್ಲ. ಚೆಂಡು ಎದೆ ಮೇಲೆ ತಕ್ಕಳೋದು ನಮಗೆಲ್ಲ ಹೇಳ್ಕೊಟ್ಟ. ಅವ್ನಿಗೂ ಬೆಂಗ್ಳೂರಲ್ಲಿ ಕೆಲ್ಸ ಹೋಗಿತ್ತಂತೆ."

"ಇದನ್ನ ನಿನ್ನ ಹೆಸರಲ್ಲಿ ಬರ್ಕೊಂಡ್ರೆ ಏನಾಗುತ್ತೆ ಗೊತ್ತಾ?"

"ದಂಡ ಹಾಕ್ತೀರಿ, ಸಾವ್ಕಾರ್ರು ಕಟ್ತಾರೆ. ಹುಚ್ಚರಂಗಯ್ಯಣ್ಣ ವಾಪಸ್ ಬಂದ್ರೆ ನಂಗೆ ಅಷ್ಟೇ ಸಾಕು. ಬರ್ಕಳಿ."

ಏಕಾಂತಯ್ಯನವರು ಬರೆದುಕೊಂಡರು. ಆಗ ಅವರ ಮನಸ್ಸಿನಲ್ಲಿದ್ದುದೂ ದಂಡವೇ.

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಾಲೆಯ ಕೊಠಡಿಯೊಂದರಲ್ಲಿ ಕಮಿಟಿ ಸೇರಿತು. ಐದು ಜನ. ಅಧ್ಯಕ್ಷರಾಗಿದ್ದ ಬಸವರಾಜಪ್ಪನವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಜಗಳ ಎಂದರೆ ಆಗದವರು. ಪಾಳ್ಯದ ಕ್ಲಬ್ಬಿನ ಪರವಾಗಿ ತೋಂಟದಾರ್ಯರೇ ಬಂದು ಮಕ್ಕಳ ಬೆಂಚಿನ ಮೇಲೆ ಕೂತರು. ಏಕಾಂತಯ್ಯನವರು ದೂರು ಓದಿದರು, ಹಾಜರಿ ಪುಸ್ತಕದಲ್ಲಿ ಕಂಡದ್ದನ್ನು ಓದಿದರು, ಕೆಂಚಪ್ಪನ ಹೇಳಿಕೆಯನ್ನೂ ಓದಿದರು. ತೋಂಟದಾರ್ಯರು ಒಂದನ್ನೂ ಇಲ್ಲವೆನ್ನಲಿಲ್ಲ.

"ಹೂಂ, ಕರೆಸ್ದೆ. ನಮ್ಮೂರು ಒಂದ್ಸಲ ಗೆಲ್ಲಲಿ ಅಂತ ಕರೆಸ್ದೆ. ಯಾರಿಗೆ ಮೋಸ ಮಾಡ್ದೆ? ನನ್ನ ದುಡ್ಡು ತಾನೇ?"

ಕಮಿಟಿಯವರು ತಲೆಗೆ ತಲೆ ಕೊಟ್ಟು ಮಾತಾಡಿ ಐನೂರು ರೂಪಾಯಿ ದಂಡ ಎಂದರು. ನಿಯಮದಲ್ಲಿದ್ದ ದೊಡ್ಡ ದಂಡ ಅದೇ. ಏಕಾಂತಯ್ಯನವರ ಒಂದು ತಿಂಗಳ ಸಂಬಳಕ್ಕೆ ಹತ್ತಿರವಾಗುವ ಮೊತ್ತ. ಹೇಳುವಾಗ ಬಸವರಾಜಪ್ಪನವರ ದನಿ ತಗ್ಗಿತ್ತು.

ತೋಂಟದಾರ್ಯರು ಜುಬ್ಬದ ಒಳಜೇಬಿಗೆ ಕೈ ಹಾಕಿದರು. ನೂರರ ಐದು ನೋಟು ಎಣಿಸಿ ಮೇಜಿನ ಮೇಲಿಟ್ಟರು. ಒಂದು ಗಳಿಗೆ ಬಿಟ್ಟು ಮತ್ತೆ ಐದು ನೋಟು ಎಣಿಸಿ ಅದರ ಪಕ್ಕಕ್ಕಿಟ್ಟರು.

"ಇದು ಈ ವರ್ಷದ್ದು. ಇದು ಬರೋ ವರ್ಷದ್ದು. ಮತ್ತೆ ಇಷ್ಟು ಜನನ್ನ ಸೇರಿಸೋ ತಾಪತ್ರಯ ನಿಮಗ್ಯಾಕೆ? ರಸೀದಿ ಒಟ್ಟಿಗೇ ಹರ್ಕೊಡಿ ಮೇಷ್ಟ್ರೇ."

ಅವರು ವ್ಯಂಗ್ಯವಾಗಿಯೂ ಹೇಳಲಿಲ್ಲ. ನಿಜವಾಗಿಯೂ ಎಲ್ಲರಿಗೂ ಅನುಕೂಲ ಮಾಡುತ್ತಿದ್ದೇನೆ ಎಂಬ ಮುಖದಲ್ಲಿ ಹೇಳಿದರು. ಕಮಿಟಿಯಲ್ಲಿ ಒಬ್ಬರು ನಕ್ಕೇಬಿಟ್ಟರು. ಬಸವರಾಜಪ್ಪನವರು ಕಿಟಕಿಯಾಚೆ ನೋಡಿದರು. ಏಕಾಂತಯ್ಯನವರು ಮೇಜಿನ ಮೇಲಿನ ನೋಟುಗಳನ್ನೇ ನೋಡಿದರು. ಏಳು ವರ್ಷದಿಂದ ಕಾಪಾಡಿಕೊಂಡು ಬಂದ ನಿಯಮಕ್ಕೆ ಈ ಮನುಷ್ಯ ಮಂಡಿಯ ಕಮಿಷನ್ ಕಟ್ಟಿದಷ್ಟೇ ಸಲೀಸಾಗಿ ಬೆಲೆ ಕಟ್ಟುತ್ತಿದ್ದಾನೆ. ಬರುವ ವರ್ಷ ಇವನು ನಾಲ್ಕು ಜನರನ್ನು ತರುತ್ತಾನೆ. ಅದನ್ನು ನೋಡಿ ಇನ್ನೊಬ್ಬ ಆರು ಜನರನ್ನು ತರುತ್ತಾನೆ. ಹಾಲುಗೊಂಡನಹಳ್ಳಿಯ ತಾಯಿಯ ಹಾಗೆ ಇನ್ನೆಷ್ಟು ಜನ ಸರ ಮಾರಬೇಕೋ.

ಅವರು ಹತ್ತೂ ನೋಟುಗಳನ್ನು ಜೋಡಿಸಿ ತೋಂಟದಾರ್ಯರ ಮುಂದಕ್ಕೆ ತಳ್ಳಿದರು.

"ದಂಡ ಬೇಡ. ಅಧ್ಯಕ್ಷರೇ, ನಾನು ಅಂಕ ಕಡಿತಕ್ಕೆ ಸೂಚಿಸ್ತೀನಿ. ಆ ಇಬ್ಬರು ಆಡಿದ ಐದು ಆಟ, ಗೆಲುವಿಗೆ ಎರಡರಂತೆ ಹತ್ತು ಅಂಕ. ಹತ್ತೂ ತೆಗೀಬೇಕು."

ಹದಿಮೂರರಲ್ಲಿ ಹತ್ತು ಹೋದರೆ ಮೂರು. ಎಂಟು ಟೀಮಿನಲ್ಲಿ ಎಂಟನೆಯದು. ಕಪ್ಪು ತುರುವೇಕೆರೆಗೆ, ಕೊನೆಯದಾದ ಪಾಳ್ಯ ನಿಯಮದಂತೆ ಕೆಳಗಿನ ಬಿ ಡಿವಿಷನ್ನಿಗೆ. ಮೂರು ಕೈ ಎದ್ದವು, ಎರಡು ಕೆಳಗೇ ಉಳಿದವು.

ತೋಂಟದಾರ್ಯರ ಮುಖ ಆಗ ಬದಲಾಯಿತು. "ಲೀಗಿಗೆ ಆ ಕಪ್ಪು ಮಾಡಿಸಿಕೊಟ್ಟೋನು ನಾನು. ಅದು ನೆನಪಿದೆಯಾ?" ಎಂದರು. ನೋಟುಗಳನ್ನು ಎತ್ತಿಕೊಂಡು ಹೊರಟುಹೋದರು.

ಒಂದು ವಾರ ಕಳೆಯಿತು. ಪಾಳ್ಯದಲ್ಲಿ ಏನೋ ನಡೆಯುತ್ತಿದೆ ಎಂದು ಕೇಳಿ ಏಕಾಂತಯ್ಯನವರು ಸಂಜೆ ಸೈಕಲ್ಲಿನಲ್ಲಿ ಅಲ್ಲಿಗೆ ಹೋದರು. ಟೀಮು ಆಡುತ್ತಿದ್ದುದು ತೋಂಟದಾರ್ಯರ ತೋಟಕ್ಕೆ ಹೊಂದಿದ ಖಾಲಿ ಹೊಲದಲ್ಲಿ. ಆ ಹೊಲದ ತುಂಬ ಈಗ ಗುಂಡಿ ಬಿದ್ದಿದ್ದವು. ಮೂವತ್ತು ಅಡಿಗೊಂದರಂತೆ, ದಾರ ಹಿಡಿದು ತೆಗೆದ ಸಾಲು ಗುಂಡಿಗಳು. ಗೋಲು ಕಂಬವಿದ್ದ ಕಡೆ ತೆಂಗಿನ ಸಸಿಗಳನ್ನು ತಂದು ನಿಲ್ಲಿಸಿದ್ದರು. ಕಂಬಗಳನ್ನು ಕಿತ್ತು ಬದುವಿಗೆ ಎಸೆದಿದ್ದರು. ಟೀಮಿನ ಎಂಟು ಹತ್ತು ಜನ ಬದುವಿನ ಮೇಲೆ ಕೂತಿದ್ದರು. ಮೇಷ್ಟರನ್ನು ಕಂಡು ಯಾರೂ ಏಳಲಿಲ್ಲ. ಕೆಂಚಪ್ಪ ಮಾತ್ರ ಎದ್ದು ಬಂದ.

"ಸಂತೋಸ ಆಯ್ತಾ ಮೇಷ್ಟ್ರೇ?"

ಆ ದನಿಯಲ್ಲಿ ಕೆಂಚಪ್ಪ ಯಾವತ್ತೂ ಮಾತಾಡಿರಲಿಲ್ಲ.

"ದಂಡ ಹಾಕ್ತೀರಿ ಅಂತ ತಿಳ್ಕಂಡು ನಾನು ಬಾಯಿ ಬುಟ್ಟೆ. ಈಗ ನೋಡಿ. ಸಾವ್ಕಾರ್ರಿಗೆ ಏನಾಯ್ತು? ಎಪ್ಪತ್ತು ಸಸಿ ಹೆಚ್ಗೆ ಬಂತು. ಸೆಲ್ವರಾಜು ಬೇರೆ ಊರಿಗೆ ಆಡೋಕೆ ಹೋದ. ನಮಗೆ ಕಪ್ಪೂ ಇಲ್ಲ, ನೆಲಾನೂ ಇಲ್ಲ. ಮೊದಲ್ನೇ ಎರಡು ಆಟ ನಾವೇ ಆಡಿದ್ದು, ಬರಿಗಾಲಲ್ಲಿ. ನಮ್ಮೂರ ಹೆಣ್ಮಕ್ಳು ಸಹಿತ ನನ್ನ ಮುಖ ನೋಡಿ ಉಗೀತಾವ್ರೆ. ತಪ್ಪು ಮಾಡ್ದೋರು ಯಾರು, ಏಟು ಬಿದ್ದಿದ್ದು ಯಾರಿಗೆ?"

"ಟೀಮು ಗೆದ್ದಿದ್ದು ನಿಯಮ ಮುರಿದು ಕಣಪ್ಪ. ಆ ಅಂಕ ನಿಮ್ಮದಲ್ಲ," ಎಂದರು ಏಕಾಂತಯ್ಯನವರು.

"ಅಲ್ಲ, ಒಪ್ಕತೀನಿ. ನಾನೂ ಹೂಂ ಅಂದವ್ನೇ. ಆದ್ರೆ ಒಂದು ಕೇಳ್ತೀನಿ. ಒಬ್ನೇ ಮನುಷ್ಯನ್ ಹತ್ರ ಕ್ಲಬ್ನೋರು ಕೈ ಒಡ್ಡಬಾರ್ದು ಅಂತ ಬರ್ದೋರು ನೀವು. ಲೀಗಿನ ನೆಟ್ಟು ಯಾರ್ದು? ಚೆಂಡು ಯಾರ್ದು? ಕೊನೇ ದಿನದ ಊಟ ಹಾಕ್ಸಿದ್ದು ಯಾರು? ಅವ್ರು ನಿಮಗೆ ಕೊಟ್ರೆ ದಾನ, ನಮಗೆ ಕೊಟ್ರೆ ತಪ್ಪಾ?"

ಏಕಾಂತಯ್ಯನವರು ಸೈಕಲ್ಲು ತಿರುಗಿಸಿಕೊಂಡು ಬಂದರು. ನಾಲ್ಕು ಮೈಲಿಯನ್ನೂ ತುಳಿಯದೆ ತಳ್ಳಿಕೊಂಡೇ ಬಂದರು.

ಮನೆಗೆ ಬಂದವರು ಲೀಗಿನ ಲೆಕ್ಕದ ಪುಸ್ತಕ ತೆಗೆದು ಕೂತರು. ನೋಡುವ ಅಗತ್ಯವೇನೂ ಇರಲಿಲ್ಲ. ಆ ವರ್ಷ ಲೀಗಿಗೆ ಬಂದ ಎರಡು ಸಾವಿರದ ಏಳುನೂರರಲ್ಲಿ ಸಾವಿರದ ನೂರು ತೋಂಟದಾರ್ಯರದು ಎಂದು ಅವರಿಗೆ ಬಾಯಿಗೇ ಬರುತ್ತಿತ್ತು. ಸೆಲ್ವರಾಜುವಿನ ಕಾಗದಕ್ಕೆ ರುಜು ಹಾಕುವಾಗ ಕೈ ತಡೆದದ್ದೂ, ಆದರೂ ರುಜು ಹಾಕಿಬಿಟ್ಟದ್ದೂ ಯಾಕೆಂದು ಅವರಿಗೆ ಗೊತ್ತಿತ್ತು. ಆ ರುಜುವಿನ ಹಿಂದಿನ ದಿನ ತಾನೇ ಮಂಡಿಯಿಂದ ಹೊಸ ನೆಟ್ಟು ಬಂದಿತ್ತು.

ಶಿವರುದ್ರಮ್ಮ ಕಾಫಿ ಲೋಟ ತಂದಿಟ್ಟು ಗಂಡನ ಮುಖ ನೋಡಿದರು. ಏಕಾಂತಯ್ಯನವರು ಎಲ್ಲವನ್ನೂ ಹೇಳಿದರು.

"ಆ ಹುಡುಗ ಕೇಳಿದ್ರಲ್ಲಿ ತಪ್ಪೇನಿದೆ?" ಎಂದರು ಶಿವರುದ್ರಮ್ಮ.

"ತಪ್ಪೇನಿಲ್ಲ."

"ಮತ್ತೆ ಅಂಕ ವಾಪಸ್ ಕೊಡ್ತೀರಾ?"

"ಅದು ಹೇಗಾಗುತ್ತೆ ಕಣೇ? ಸೋತ ಐದು ಟೀಮಿನೋರು ಹೊಟ್ಟೆಗಿಲ್ದೆ ಆಡಿದ್ದಾರೆ. ಅವ್ರಿಗೇನು ಹೇಳ್ಲಿ?"

"ಹಂಗಾದ್ರೆ ನಿಮ್ಮ ತಪ್ಪಿಗೂ ಒಂದು ಶಿಕ್ಷೆ ಹಾಕ್ಕಳಿ," ಎಂದು ಶಿವರುದ್ರಮ್ಮ ಒಳಗೆ ಹೋದರು. ಒಲೆಯ ಬೆಂಕಿ ಕೆಟ್ಟಿತ್ತು, ಊದುಗೊಳವೆಯ ಸದ್ದು ಕೇಳಿಸಿತು.

ಮೇ ತಿಂಗಳ ಕೊನೆಯಲ್ಲಿ ಹದಿಮೂರೂ ಕ್ಲಬ್ಬುಗಳ ಸಭೆ ಇತ್ತು. ಏಕಾಂತಯ್ಯನವರು ಎದ್ದು ನಿಂತು ಮೊದಲು ಲೀಗಿನ ಲೆಕ್ಕ ಓದಿದರು. ತೋಂಟದಾರ್ಯರ ಹೆಸರು ಬಂದ ಕಡೆಯೆಲ್ಲ ನಿಲ್ಲಿಸಿ ಮೊತ್ತವನ್ನು ಎರಡು ಸಲ ಓದಿದರು. ಬಸವರಾಜಪ್ಪನವರು ಅಂಗಿ ಹಿಡಿದು ಜಗ್ಗಿದರೂ ನಿಲ್ಲಿಸಲಿಲ್ಲ.

"ಕ್ಲಬ್ಬಿಗೆ ಮುನ್ನೂರು ಅಂತ ಬರೆದು ಲೀಗಿಗೆ ಸಾವಿರದ ನೂರು ಇಸ್ಕೊಂಡಿದ್ದೀನಿ. ಆ ಇಬ್ಬರ ಮೇಲೆ ಅನುಮಾನ ಇದ್ದೂ ಕಾಗದಕ್ಕೆ ರುಜು ಹಾಕಿದ್ದೀನಿ. ಪಾಳ್ಯದ ಟೀಮಿಗೆ ಹಾಕಿದ ಶಿಕ್ಷೆ ಹಾಗೇ ಇರಲಿ. ನನಗೂ ಒಂದು ಇರಲಿ. ಎರಡು ವರ್ಷ ನಾನು ಲೀಗಿನ ಯಾವ ಕೆಲಸಕ್ಕೂ ಕೈ ಹಾಕಲ್ಲ. ತೋಂಟದಾರ್ಯರ ಕಪ್ಪು, ನೆಟ್ಟು ಎಲ್ಲ ವಾಪಸ್ ಹೋಗಲಿ. ಇನ್ಮೇಲೆ ಲೀಗಿಗೂ ಅದೇ ಮುನ್ನೂರು. ಮತ್ತೆ, ಕ್ಲಬ್ಬಿಗೆ ಅಂಕ ಕಡಿದಾಗ ಅದರ ಆಟಗಾರರು ಬೇರೆ ಟೀಮು ಸೇರೋಕೆ ತಡೆ ಇರಬಾರದು. ಅವರ ಕಾಲು ಕಟ್ಟೋದು ಬೇಡ."

ಸಭೆಯಲ್ಲಿ ಗದ್ದಲವಾಯಿತು. ಮೇಷ್ಟ್ರು ಬಿಟ್ಟರೆ ಲೀಗು ಎದ್ದುಹೋಗುತ್ತದೆ ಎಂದರು ಕೆಲವರು. ಇಷ್ಟು ದಿನ ಇದನ್ನು ಮುಚ್ಚಿಟ್ಟಿದ್ದಿರಾ ಎಂದು ಚಿಕ್ಕನಾಯಕನಹಳ್ಳಿ ಕಡೆಯವನೊಬ್ಬ ಕೂಗಾಡಿದ. ಕೊನೆಗೆ ಎಲ್ಲ ಹಾಗೇ ಒಪ್ಪಿಗೆಯಾಯಿತು. ಮರುಳಪ್ಪ ಹೊಸ ಸೆಕ್ರೆಟರಿಯಾದ. ತನ್ನ ಟೀಮಿನ ಕೆಲಸವನ್ನು ತಮ್ಮನಿಗೆ ಬಿಟ್ಟುಕೊಟ್ಟ.

ಮುಂಗಾರು ಶುರುವಾಗುವ ಹೊತ್ತಿಗೆ ಕೆಂಚಪ್ಪ ಮತ್ತೆ ಏಕಾಂತಯ್ಯನವರ ಮನೆಗೆ ಬಂದ. ಈ ಸಲ ಮುಂಬಾಗಿಲಿಗೇ ಬಂದು ಜಗಲಿಯ ಮೇಲೆ ಕೂತ. ಸಿಟ್ಟು ಇಳಿದಿತ್ತು, ಸಲಿಗೆ ಇನ್ನೂ ತಿರುಗಿ ಬಂದಿರಲಿಲ್ಲ. ಮಂಡಿಯಲ್ಲಿ ಹುಚ್ಚರಂಗಯ್ಯನನ್ನು ವಾಪಸ್ ಕರೆದರಂತೆ, ಕೆಂಚಪ್ಪನನ್ನು ಮಾತ್ರ ಯಾರೂ ಕರೆಯಲಿಲ್ಲವಂತೆ. 'ಬರಬೇಡ' ಎಂದೂ ಹೇಳಲಿಲ್ಲ, ಬೆಳಿಗ್ಗೆ ಹೋಗಿ ನಿಂತರೆ ಕಣ್ಣೆತ್ತಿ ನೋಡುವುದಿಲ್ಲ, ಅಷ್ಟೇ. ಈಗ ತೋಟಗಳಲ್ಲಿ ಸಾವಿರಕ್ಕಿಷ್ಟು ಎಂದು ಕಾಯಿ ಸುಲಿಯುತ್ತಿದ್ದ.

"ಮರುಳಪ್ಪನೋರು ಹೇಳ್ಕಳ್ಸಿದ್ರು. ತುರುವೇಕೆರೆ ಟೀಮಿಗೆ ಬಾ, ಗಿರಣೀಲಿ ಕೆಲ್ಸ ಕೊಡ್ತೀನಿ, ತಿಂಗಳಿಗೆ ಮುನ್ನೂರು ಅಂತ. ಇದು ತಪ್ಪಾ, ಸರಿಯಾ? ನಿಯಮ ಬರ್ದೋರು ನೀವು, ನೀವೇ ಹೇಳಿ."

ಏಕಾಂತಯ್ಯನವರಿಗೆ ಮರುಳಪ್ಪನ ಮೇಲೆ ಸಿಟ್ಟು ಬಂತು. ದೂರು ತಂದವನೇ, ಹೊಸ ಸೆಕ್ರೆಟರಿಯೇ ಹೀಗೆ. ಆದರೆ ಕೆಂಚಪ್ಪನಿಗೆ ಕೆಲಸ ಬೇಕಿತ್ತು. ಮನೆಯಲ್ಲಿ ಅವನ ತಾಯಿ ಮರಿಯಮ್ಮ, ಮದುವೆಗೆ ಬಂದ ತಂಗಿ.

"ಗಿರಣೀಲಿ ನಿಜವಾಗಿ ದುಡೀತೀಯಾ?"

"ದುಡೀದೆ ಇನ್ನೇನು?"

"ಹಾಗಾದ್ರೆ ಅವರನ್ನ ಒಂದೇ ಒಂದು ಕೇಳು. ನಾಳೆ ಕಾಲು ಮುರಿದು ಆಡೋಕಾಗದೆ ಹೋದ್ರೆ ಗಿರಣಿ ಕೆಲಸ ಇರುತ್ತಾ ಅಂತ. ಇರುತ್ತೆ ಅಂದ್ರೆ ಅದು ಕೆಲಸ. ಹೋಗು, ನಾನೇ ಕಳಿಸ್ತೀನಿ. ಇಲ್ಲ ಅಂದ್ರೆ ಅದು ಆಟಕ್ಕೆ ಕೊಡೋ ಸಂಬಳ."

ಮೂರು ದಿನ ಬಿಟ್ಟು ಕೆಂಚಪ್ಪ ಹೇಳಿದ: "ಕೇಳ್ದೆ. 'ಅದನ್ನ ಆಗ ನೋಡಾಣ ಬುಡು' ಅಂದ್ರು."

ಅವನು ತುರುವೇಕೆರೆಗೆ ಹೋಗಲಿಲ್ಲ. ಹೋಗಿದ್ದರೆ ಏಕಾಂತಯ್ಯನವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಹಾಗೆಂದು ಅವನಿಗೆ ಹೇಳಿಯೂ ಇದ್ದರು. ಪಾಳ್ಯದ ಮೂರು ಜನ ಬೇರೆ ಟೀಮುಗಳಿಗೆ ಹೋದರು. ಒಬ್ಬ ಮಾಯಸಂದ್ರಕ್ಕೆ, ಇಬ್ಬರು ಅರಳಗುಪ್ಪೆಗೆ. ಉಳಿದವರನ್ನು ಕಟ್ಟಿಕೊಂಡು ಕೆಂಚಪ್ಪ ಕೆರೆಯಂಗಳದಲ್ಲಿ ಜಾಲಿ ಕಡಿದು ನೆಲ ಮಾಡಿದ. ಒಂದು ಕಡೆ ಸ್ವಲ್ಪ ಇಳಿಜಾರಿತ್ತು, ಚೆಂಡು ಹೋದರೆ ನೀರಿಗೇ ಹೋಗುತ್ತಿತ್ತು. ಮನೆಮನೆಗೆ ಹೋಗಿ ಐದು, ಹತ್ತು ಎತ್ತಿದ. ಮೊದಲ ದಿನ ಬೈದವರೂ ಆಮೇಲೆ ಕೊಟ್ಟರು. ಹುಚ್ಚರಂಗಯ್ಯ ಒಂದು ದಿನದ ಕೂಲಿ ಒಂಬತ್ತು ರೂಪಾಯಿ ತಂದುಕೊಟ್ಟು, ತನಗೆ ಆಟ ತಿಳಿಯುವುದಿಲ್ಲ, ಆದರೂ ಇರಲಿ ಎಂದ.

ಎಂಬತ್ತರ ಲೀಗಿನ ಬಿ ಡಿವಿಷನ್ನಿನಲ್ಲಿ ಪಾಳ್ಯದ ಟೀಮು ಐದರಲ್ಲಿ ಮೂರನೆಯದಾಯಿತು. ಅದರ ಮುಂದಿನ ವರ್ಷ ಎರಡನೆಯದು. ಮೇಲಕ್ಕೆ ಹೋಗುವುದು ಒಂದೇ ಟೀಮಾದ್ದರಿಂದ ಅಲ್ಲೇ ಉಳಿಯಿತು. ತೋಂಟದಾರ್ಯರು ಆಟದ ಸುದ್ದಿ ಬಿಟ್ಟು ಊರಿನಲ್ಲಿ ಕಲ್ಯಾಣ ಮಂಟಪ ಕಟ್ಟಿಸಲು ಶುರು ಮಾಡಿದರು. ಅದರ ಪಾಯದ ಕೆಲಸಕ್ಕೆ ಕೆಂಚಪ್ಪನನ್ನೂ ಕರೆದರು. ಅವನು ಹೋಗಿ ದುಡಿದ, ಕೂಲಿ ತಂದ. ಹಿಂದಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಏಕಾಂತಯ್ಯನವರು ಎರಡು ವರ್ಷವೂ ಭಾನುವಾರದ ಆಟಗಳಿಗೆ ಹೋಗಿ ಗೆರೆಯಾಚೆ ಜನರ ಜೊತೆ ನಿಂತು ನೋಡಿದರು. ರೆಫ್ರಿ ತಪ್ಪು ಮಾಡಿದಾಗ ಹಲ್ಲು ಕಚ್ಚಿಕೊಂಡರು. ಮರುಳಪ್ಪ ಲೆಕ್ಕದಲ್ಲಿ ಸಿಕ್ಕಿಕೊಂಡು ಕೇಳಲು ಬಂದಾಗ "ನನ್ನ ಎರಡು ವರ್ಷ ಮುಗೀಲಿ ಕಣಪ್ಪ" ಎಂದು ಕಾಫಿ ಕೊಟ್ಟು ಕಳಿಸಿದರು. ಕೆಂಚಪ್ಪ ಒಮ್ಮೆ ಬಂದು, ಟೀಮಿಗೆ ಸಂಜೆ ಹೊತ್ತು ಹೇಳಿಕೊಡಲು ಬನ್ನಿ, ಅದು ಲೀಗಿನ ಕೆಲಸವಲ್ಲವಲ್ಲ ಎಂದ. ಅವರಿಗೂ ಆಸೆಯಾಯಿತು. ಆದರೂ ಬೇಡವೆಂದರು.

ಎಂಬತ್ತೊಂದರ ಮೇ ಕೊನೆಗೆ ಅವಧಿ ಮುಗಿಯಿತು. ಲೀಗಿನವರು ಬಂದು ಮತ್ತೆ ಸೆಕ್ರೆಟರಿಯಾಗಿ ಎಂದು ಕೇಳಿಕೊಂಡರು. ಆ ಕೆಲಸ ಸಾಕು ಎಂದು ಅವರು ಕೈಮುಗಿದರು. ಜೂನ್ ಮೊದಲ ಸೋಮವಾರ ಶಾಲೆ ಬಿಟ್ಟ ಮೇಲೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಸೈಕಲ್ಲಿನಲ್ಲಿ ಪಾಳ್ಯದ ಕೆರೆಯಂಗಳಕ್ಕೆ ಹೋದರು. ಹೇಳಿ ಕಳಿಸಿರಲಿಲ್ಲ. ಹನ್ನೆರಡು ಹದಿಮೂರು ಜನ ಆಡುತ್ತಿದ್ದವರು ನಿಂತರು. ಕೆಂಚಪ್ಪ ಬೆವರು ಒರೆಸಿಕೊಳ್ಳುತ್ತಾ ಹತ್ತಿರ ಬಂದ.

"ಬಂದ್ರಾ ಮೇಷ್ಟ್ರೇ?"

"ಬಂದೆ. ನಿಮ್ಮ ಬ್ಯಾಕಿನೋರು ಇಬ್ಬರೂ ಒಂದೇ ಕಡೆ ಓಡ್ತೀರಲ್ಲೋ, ನಡುವೆ ಎಮ್ಮೆ ನುಗ್ಗೋಷ್ಟು ಜಾಗ ಬಿಟ್ಟಿದ್ದೀರಿ," ಎಂದು ಏಕಾಂತಯ್ಯನವರು ಸೈಕಲ್ಲಿಗೆ ಸ್ಟ್ಯಾಂಡು ಹಾಕಿದರು.